ಜಿಪ್ಸಿ ಕುಮಟೆ ಸೇರಿತು, ಎಲ್ಲರಿಗೂ ಧನ್ಯವಾದ

ನಮ್ಮ 2003ರ ಮಾರುತಿ ಜಿಪ್ಸಿ ಕಿಂಗ್ ಜೀಪು ಮಾರಾಟವಾಗಿ ಮೊನ್ನೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಯಿತು. ಕೇಳಿದ ಬೆಲೆಯೇ ಸಿಕ್ಕಿತು. ಅದರ ಶ್ರೇಯ ಇಷ್ಟು ವರ್ಷ ಗಾಡಿಗೆ ಕೈಹಚ್ಚಿದವರದು.

ಮೊದಲ ನಮಸ್ಕಾರ ವೆಲ್ಡಿಂಗ್ ಅಣ್ಣನಿಗೆ. ಗಾಡಿಯ ಅಡಿಯ ಚೌಕಟ್ಟಾದ ಚಾಸಿಯೊಳಗೆ ಕೆಸರು ಕೂತು, ನೀರಿಳಿಯುವ ತೂತು ಮುಚ್ಚಿದರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟ್ ಹೊಳೆಯುತ್ತಲೇ ಇರುತ್ತದೆ. ಹಿಂದಿನ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ಕೊಂಡಿ) ಹತ್ತಿರ ಬರೀ ತೇಪೆ ಹಾಕಲು ಅವರು ಒಪ್ಪಲೇ ಇಲ್ಲ. ಸುತ್ತಿಗೆಯಲ್ಲಿ ಬಡಿಯುತ್ತ ಹೋಗಿ, ಬದ್ ಎನ್ನುವ ಮಂಕು ಸದ್ದು ಹೋಗಿ ಟಣ್ ಎನ್ನುವ ಜಾಗದವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತಗಡು ಕೂರಿಸಿದರು. ಕೊಳ್ಳಲು ಬಂದವರು ಟಾರ್ಚ್ ಹಿಡಿದು ಅಡಿಗೆ ಮಲಗಿ ನೋಡಿದ್ದು ಆ ಜಾಗವನ್ನೇ.

ಗ್ಯಾರೇಜಿನ ಮೇಸ್ತ್ರಿಯವರಿಗೂ ಋಣಿ. ಸ್ಟೀರಿಂಗ್ ನಡುಗಿದರೆ ಎಲ್ಲರೂ ವೀಲ್ ಬ್ಯಾಲೆನ್ಸಿಂಗಿಗೆ ಓಡುತ್ತಾರೆ. ಇವರು ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಬ್ರೇಕ್ ಒತ್ತಿ ಹಿಡಿದಾಗಲೂ ಅಲುಗಾಟ ಉಳಿದರೆ ತಪ್ಪು ವೀಲ್ ಬೇರಿಂಗಿನದಲ್ಲ, ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್‌ಪಿನ್ನಿನದು. ಅದರ ಬೇರಿಂಗ್ ಹಾಕಿ, ಶಿಮ್ (ತೆಳು ಲೋಹದ ಬಿಲ್ಲೆ) ಹೊಂದಿಸಿ, ಆಕ್ಸಲ್ಲಿನ ಒಳಗಿನ ಆಯಿಲ್ ಸೀಲನ್ನೂ ಬದಲಿಸಿದರು. ಆ ಸೀಲ್ ಹೋದರೆ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಆಯಿಲ್ ಗ್ರೀಸಿಗೆ ಸೇರಿ, ಚಕ್ರ ತಿರುಗುವ ಗೆಣ್ಣಾದ ನಕಲ್ಲಿನಿಂದ ಕಪ್ಪಗೆ ಸೋರುತ್ತದೆ.

15 ವರ್ಷವಾದಾಗ 2018ರಲ್ಲಿ, ಮತ್ತೆ 2023ರಲ್ಲಿ, ಫಾರ್ಮ್ 25 ತುಂಬಿಸಿ ನೋಂದಣಿ ಪತ್ರ, ಅಂದರೆ ಆರ್‌ಸಿ ನವೀಕರಣ ಮಾಡಿಸಿಕೊಟ್ಟ ಏಜೆಂಟರಿಗೆ ಧನ್ಯವಾದ. ಆರ್‌ಸಿ ಚಾಲ್ತಿಯಲ್ಲಿಲ್ಲದ ಹಳೇ ಗಾಡಿಯನ್ನು ಎಷ್ಟು ಚೆನ್ನಾಗಿಟ್ಟರೂ ಗುಜರಿ ಬೆಲೆಗೇ ಕೇಳುತ್ತಾರೆ.

ಇನ್ನು ಗಾಡಿ ಕೊಂಡ ಕುಮಟೆಯ ಮನೆಯವರಿಗೆ. ದುಡ್ಡು ಕೊಟ್ಟ ದಿನವೇ ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಮಾಡಿಸಿಕೊಂಡಿರಿ, ತುಂಬ ಸಂತೋಷ. ಹೆಸರು ಬದಲಾಗುವ ತನಕ ದಾಖಲೆಯಲ್ಲಿ ಇದ್ದವರೇ ಮಾಲೀಕರು. ಅಪಘಾತವಾದರೆ ಹೊಣೆಯೂ ಅವರ ತಲೆಗೇ ಬರುತ್ತದೆ. ನಿಮ್ಮಲ್ಲಿ ಇನ್ನು ಉಪ್ಪುಗಾಳಿ. ಹೊಯಿಗೆಗೆ (ಮರಳಿಗೆ) ಇಳಿಸಿದ ದಿನ ಸಂಜೆಯೇ ಸಿಹಿನೀರಿನಲ್ಲಿ ಅಡಿ ತೊಳೆಯಿರಿ, ಚಾಸಿಯ ತೂತಿಗೆ ತಂತಿ ಆಡಿಸಿ. ಟಾರು ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಹಾಕಲೇಬೇಡಿ. ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಓಡುವ ದೂರ ಬೇರೆ ಬೇರೆ, ಆ ಬಿಗಿತವೆಲ್ಲ ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ನಾಲ್ಕೂ ಟೈರು ಒಂದೇ ಅಳತೆಯವಿರಲಿ.

ಸೀಟಿನ ಕೆಳಗಿನ ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಶಿಮ್‌ಗಳು, ಪ್ರೊಪೆಲ್ಲರ್ ಶಾಫ್ಟಿನ ಕೀಲಿಗೆ ಹಾಕುವ ಒಂದು ಹೊಸ ಯುಜೆ ಕ್ರಾಸ್ ಇವೆ. ಅವೂ ನಿಮ್ಮವೇ.