ಮೊಣಕಾಲುದ್ದ ನೀರಲ್ಲಿ ಮೋಟಾರು ದೋಣಿ

ಪ್ರಿಯ ಸುರೇಶ,

ನಿನ್ನ ಮೆಸೇಜು ನೋಡಿದೆ. ಮಲ್ಪೆ ಅಳಿವೆಯಲ್ಲಿ ದೋಣಿ ಮರಳಿಗೆ ಹತ್ತಿ ಪ್ರೊಪೆಲರ್ ಹೋಯ್ತು ಅಂತ ನೀನು ಬರೆದ ಬೈಗುಳಗಳನ್ನು ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ. ಆದರೆ ನಗು ಬಂತು ಮಾರಾಯ. ಅದೇ ಭಾನುವಾರ ನಾನು ಒಬ್ಬ ಅಜ್ಜನ ಬಾಯಲ್ಲಿ ಇದೇ ಕಥೆ ಕೇಳುತ್ತಾ ಕೂತಿದ್ದೆ. ಅದೂ ಕಡಲಿನ ವಾಸನೆಯೇ ಇಲ್ಲದ ಮರುಭೂಮಿಯಲ್ಲಿ.

ಯೂಟಾ ರಾಜ್ಯದ ಗ್ರೀನ್ ರಿವರ್ ಅಂತ ಊರು. ಸಾಲ್ಟ್ ಲೇಕ್ ಸಿಟಿಯಿಂದ ಕಾರಲ್ಲಿ ಮೂರು ಗಂಟೆ. ಊರಿಗೂ ನದಿಗೂ ಒಂದೇ ಹೆಸರು. ಇಲ್ಲಿ ವರ್ಷವಿಡೀ ಬೀಳುವ ಮಳೆ, ನಮ್ಮಲ್ಲಿ ಜುಲೈಯ ನಾಲ್ಕೈದು ದಿನದ ಮಳೆಗೆ ಸಮ. ನದಿ ಬದುಕಿರೋದು ಮೇಲೆ ವಯೋಮಿಂಗ್ ಕಡೆಯ ಬೆಟ್ಟದ ಹಿಮ ಕರಗಿ ಬರುವ ನೀರಿನಿಂದ. ಮೇ, ಜೂನ್‌ನಲ್ಲಿ ತುಂಬಿ ಹರಿದು, ಆಗಸ್ಟ್ ಹೊತ್ತಿಗೆ ಸೊರಗುತ್ತದೆ. ಆ ನೀರಲ್ಲೇ ಇಲ್ಲಿಯವರು ಬಚ್ಚಂಗಾಯಿ ಬೆಳೆಯುತ್ತಾರೆ, ಅದಕ್ಕೇ ಊರು ಹೆಸರುವಾಸಿ. ನಾನೂ ಹಣ್ಣು ತಿನ್ನೋಕೆ ಅಂತಲೇ ನಿಂತದ್ದು. ಅಂಗಡಿ ಮುಂದಿನ ಬೆಂಚಲ್ಲಿ ಅಜ್ಜ ಸಿಕ್ಕಿದರು.

ಪ್ರಾಯದಲ್ಲಿ ಅವರಿಗೆ ಒಂದು ಅಲ್ಯುಮಿನಿಯಂ ದೋಣಿ, ಅದರ ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್ ಇತ್ತಂತೆ. 1958ರಲ್ಲಿ ಶುರುವಾದ 'ಫ್ರೆಂಡ್‌ಶಿಪ್ ಕ್ರೂಸ್' ಅನ್ನುವ, ಮೋಟಾರು ದೋಣಿಯವರು ಒಟ್ಟಾಗಿ ಹೋಗುವ ಯಾತ್ರೆಗೆ ವರ್ಷ ವರ್ಷ ಹೋಗುತ್ತಿದ್ದರು. ಗ್ರೀನ್ ನದಿಯಲ್ಲಿ ಸುಮಾರು 120 ಮೈಲಿ ಕೆಳಗೆ ಹೋದರೆ ಕೊಲೊರಾಡೋ ನದಿ ಸಿಗುತ್ತದೆ. ಅಲ್ಲಿಂದ ಕೊಲೊರಾಡೋದಲ್ಲಿ ಸುಮಾರು 65 ಮೈಲಿ ಪ್ರವಾಹದ ಎದುರಿಗೆ ಹತ್ತಿ ಮೋವಾಬ್ ಊರು. ಸಂಗಮದಲ್ಲಿ ತಿರುಗೋದು ಮರೆತು ಮುಂದೆ ಹೋದರೆ ನಾಲ್ಕೇ ಮೈಲಿಗೆ ಕ್ಯಾಟರ್ಯಾಕ್ಟ್ ಕಣಿವೆಯ ನೀರಿನ ಅಬ್ಬರ ಶುರು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ದಾರಿಯಲ್ಲಿ ಅಂಗಡಿಯಿಲ್ಲ, ಬಂಕ್ ಇಲ್ಲ. ಆಯಿಲ್ ಬೆರೆಸಿದ ಪೆಟ್ರೋಲು ಕ್ಯಾನುಗಳಲ್ಲಿ ತುಂಬಿಸಿಕೊಂಡು ಹೋಗಬೇಕು. ಅದೂ ಹತ್ತುವಾಗ ಜಾಸ್ತಿ ಕುಡಿಯುತ್ತದೆ ಅಂತ ಲೆಕ್ಕ ಹಾಕಿ.

ಇಷ್ಟು ಕೇಳಿ ನನಗನ್ನಿಸಿದ್ದು, ಸುಲಭ ಅಲ್ವಾ, ಆ 120 ಮೈಲಿಯಲ್ಲಿ ಇಳಿಜಾರೇ ಕಡಿಮೆ, ನೀರು ಶಾಂತ. ಹಾಗಂದದ್ದಕ್ಕೆ ಅಜ್ಜ ನನ್ನನ್ನೇ ನೋಡಿದರು. ನೀರು ಶಾಂತ ಇದ್ದಲ್ಲೇ ಮರಳು ಕೂರೋದಂತೆ. ಮೇಲಾಗಿ ನೀರು ಚಹಾದ ಬಣ್ಣ, ಕೈ ಮುಳುಗಿಸಿದರೆ ಬೆರಳು ಕಾಣಲ್ಲ. ಆಳ ಆರಡಿಯೋ ಆರಿಂಚೋ, ನೀರಿನ ಮೇಲ್ಮೈ ನೋಡಿಯೇ ಹೇಳಬೇಕು. ತಿರುವಿನಲ್ಲಿ ಆಳ ಹೊರಗಿನ ದಂಡೆಗೆ, ಅದು ನಿನಗೆ ಗೊತ್ತಿರೋದೇ. ಕಷ್ಟ ಇರೋದು ಎರಡು ತಿರುವುಗಳ ನಡುವೆ. ಅಲ್ಲಿ ಆಳದ ಹಾದಿ ಈ ದಂಡೆಯಿಂದ ಆ ದಂಡೆಗೆ ದಾಟುತ್ತದೆ. ಎಲ್ಲಿ ದಾಟುತ್ತದೆ ಅನ್ನೋದು ಹೋದ ವರ್ಷದ ಹಾಗೆ ಈ ವರ್ಷ ಇರಲ್ಲ.

ನನಗೆ ತುಂಬಾ ಹಿಡಿಸಿದ್ದು ಇದು. ದೋಣಿ ವೇಗವಾಗಿ ಹೋಗುವಾಗ ಹಿಂದೆ ಅಲೆ ಏಳುತ್ತದಲ್ಲ, ನೀರು ತೆಳುವಾದ ಹಾಗೆ ಆ ಅಲೆ ಎತ್ತರವಾಗಿ ಹತ್ತಿರ ಹತ್ತಿರ ಬರುತ್ತದಂತೆ. ಹೊಸಬರು ಅದನ್ನು ನೋಡಿ ಹೆದರಿ ಥ್ರಾಟಲ್ ಇಳಿಸುತ್ತಾರೆ. ಅಲ್ಲಿಗೆ ಕತೆ ಮುಗಿಯಿತು. ವೇಗಕ್ಕೆ ಮೇಲೆದ್ದು ಓಡುತ್ತಿದ್ದ ದೋಣಿಯ ಹಿಂಭಾಗ ಕುಸಿದು ಪ್ರೊಪೆಲರ್ ಮರಳಿಗೆ ಬಡಿಯುತ್ತದೆ. ಹಿಂದಿದ್ದ ಅಲೆ ಬಂದು ದೋಣಿಯನ್ನು ದಿಬ್ಬದ ಮೇಲೆ ಕೂರಿಸಿ ಹೋಗುತ್ತದೆ. ಅಜ್ಜನ ಉಪಾಯ: ಹೆದರಿಕೆ ಆದಾಗ ಥ್ರಾಟಲ್ ಮುಟ್ಟಬೇಡ. ಬಡಿದ ಸದ್ದು ಕೇಳಿದರೆ ಮಾತ್ರ ಎಂಜಿನ್ ನಿಲ್ಲಿಸಿ ಮೇಲಕ್ಕೆತ್ತು.

ಪ್ರವಾಹದ ಎದುರಿಗೆ ಹೋಗುವಾಗ ಸಿಕ್ಕಿಬಿದ್ದರೆ ನೀರೇ ಹಿಂದೆ ತಳ್ಳಿ ಬಿಡಿಸುತ್ತದೆ. ಕೆಳಗೆ ಹೋಗುವಾಗ ಸಿಕ್ಕಿದರೋ, ನೀರು ದಿಬ್ಬದ ಇನ್ನಷ್ಟು ಮೇಲಕ್ಕೇ ನೂಕುತ್ತದೆ. ಆಗ ಎಲ್ಲರೂ ಇಳಿಯಬೇಕು, ದೋಣಿಯ ಅಂಚು ಬಿಡದೆ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನದು ಕುತ್ತಿಗೆಯುದ್ದ. ಒಮ್ಮೆ ಅಜ್ಜನ ಹೆಂಡತಿ ಊಟದ ಡಬ್ಬಿ ತಲೆಮೇಲೆ ಹಿಡಿದುಕೊಂಡೇ ಹಾಗೆ ಇಳಿದುಬಿಟ್ಟರಂತೆ. ಡಬ್ಬಿ ಒದ್ದೆಯಾಗಲಿಲ್ಲ, ಸಂಜೆವರೆಗೆ ಮಾತೂ ಇರಲಿಲ್ಲ.

ಇದು ಅಜ್ಜನ ಕಾಲದಲ್ಲಿ ಶುರುವಾದ ಹುಚ್ಚೂ ಅಲ್ಲ. 1891ರಲ್ಲೇ 'ಮೇಜರ್ ಪೊವೆಲ್' ಅನ್ನುವ ಉಗಿದೋಣಿಯನ್ನು ಶಿಕಾಗೋದಿಂದ ರೈಲಿನಲ್ಲಿ ತಂದು ಈ ನದಿಗಿಳಿಸಿದ್ದರು. ಅದರ ಪ್ರೊಪೆಲರುಗಳೂ ಕಲ್ಲಿಗೆ ಬಡಿದು ಹಾಳಾದವು. ರೈಲಿಲ್ಲದ ಮೋವಾಬ್‌ಗೆ ಜನ, ಸಾಮಾನು ಸಾಗಿಸಲು 1905ರಲ್ಲಿ 'ಸಿಟಿ ಆಫ್ ಮೋವಾಬ್' ಬಂತು. ಪೆಟ್ರೋಲ್ ಎಂಜಿನ್, ದೊಡ್ಡ ಗಾತ್ರ. ಅದಕ್ಕೆ ಮೋವಾಬ್ ತಲುಪಲಾಗಲಿಲ್ಲ. ಉಗಿ ಎಂಜಿನ್, ಹಿಂದೆ ನೀರು ತಳ್ಳುವ ಚಕ್ರ ಹಾಕಿ, ಹೆಸರು ಬದಲಿಸಿ ನೋಡಿದರು. ಆಗಲೂ ಆಗಲಿಲ್ಲ. ಕಡೆಗೆ ಗ್ರೇಟ್ ಸಾಲ್ಟ್ ಲೇಕ್ ಸರೋವರಕ್ಕೆ ಸಾಗಿಸಿದರು. ನದಿಗೆ ಕಟ್ಟಿದ ದೋಣಿ ಉಪ್ಪುನೀರಿನ ಸರೋವರದಲ್ಲಿ ಓಡಿತು.

ಈಗ ಜೆಟ್ ದೋಣಿಗಳಿವೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಅಲ್ಲಿನ ತೆಳುನೀರಿನ ಹೊಳೆಗಳಿಗಾಗಿ 1950ರ ದಶಕದಲ್ಲಿ ಮಾಡಿದ್ದು. ಹೊರಗೆ ಪ್ರೊಪೆಲರೇ ಇಲ್ಲ, ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ಓಡುತ್ತದೆ. 1960ರಲ್ಲಿ ಆ ದೋಣಿಗಳು ಕೊಲೊರಾಡೋ ನದಿಯ ಗ್ರ್ಯಾಂಡ್ ಕ್ಯಾನಿಯನ್ನನ್ನೇ ಪ್ರವಾಹದ ಎದುರಿಗೆ ಹತ್ತಿದವು. ಇಷ್ಟು ಹೇಳಿ ಅಜ್ಜ ಮೂತಿ ಸೊಟ್ಟಗೆ ಮಾಡಿದರು. ಅದರಲ್ಲಿ ಹೋಗುವವನು ನೀರನ್ನು ನೋಡೋದೇ ಇಲ್ಲವಂತೆ. ಸ್ವಲ್ಪ ಹೊಟ್ಟೆಕಿಚ್ಚೂ ಇರಬಹುದು.

ಹೊರಡುವಾಗ ಟ್ರಕ್ಕಿನ ಡ್ಯಾಶ್‌ಬೋರ್ಡಿನಿಂದ ಒಂದು ಹಳೇ ತಗಡಿನ ಡಬ್ಬಿ ತೆಗೆದರು. ಒಳಗೆಲ್ಲ ಶಿಯರ್ ಪಿನ್ನುಗಳು. ಕಿರುಬೆರಳಿನಷ್ಟೂ ಉದ್ದವಿಲ್ಲದ ಹಿತ್ತಾಳೆ ಕಡ್ಡಿ. ಪ್ರೊಪೆಲರ್ ಕಲ್ಲಿಗೆ ಬಡಿದಾಗ ಮೊದಲು ಅದು ತುಂಡಾಗುತ್ತದೆ, ಗೇರು ಉಳಿಯುತ್ತದೆ. ಒಂದು ಟ್ರಿಪ್ಪಿಗೆ ಹನ್ನೆರಡು ಖರ್ಚಾದದ್ದುಂಟಂತೆ. ನೀರಲ್ಲಿ ನಿಂತು ಹಾಕುವಾಗ ಕೈಜಾರಿ ಬಿದ್ದವು ಬೇರೆ.

ಒಂದು ನಿನಗೆ ಅಂತ ಕೊಟ್ಟಿದ್ದಾರೆ. ಡಿಸೆಂಬರಿನಲ್ಲಿ ತರುತ್ತೇನೆ. ನಿನ್ನ ಎಂಜಿನ್ನಿಗೆ ಕೂರಲ್ಲ, ಗೊತ್ತು. ಅಮ್ಮನಿಗೆ ನಮಸ್ಕಾರ ಹೇಳು, ಒಣ ಸಿಗಡಿ ತೆಗೆದಿಡು.

ನಿನ್ನ,
ರಘು