ಮೇಷ್ಟ್ರಜ್ಜನ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋದ ಬಗ್ಗೆ

ಪೋಷಕರೇ, ಎಲ್ಲರಿಗೂ ನಮಸ್ಕಾರ.

ಕಳೆದ ಗುರುವಾರ ಐದು, ಆರು, ಏಳನೇ ತರಗತಿಯ ಮಕ್ಕಳನ್ನು ನಮ್ಮ ನಿವೃತ್ತ ಶಿಕ್ಷಕರಾಗಿದ್ದ ಮೇಷ್ಟ್ರಜ್ಜನ ಅಂತಿಮ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿದೆ. ಇಬ್ಬರು ಶಾಲೆಗೇ ಬಂದು, ಸಾವಿನ ಮನೆಗೆ ಚಿಕ್ಕ ಮಕ್ಕಳನ್ನು ಯಾಕೆ ಕರ್ಕೊಂಡು ಹೋದಿರಿ ಅಂತ ಕೇಳಿದಿರಿ. ಕೇಳಿದ್ದು ಸರಿ. ಹೊರಡುವ ಮೊದಲು ನಿಮಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಅದು ನನ್ನ ತಪ್ಪು, ಕ್ಷಮಿಸಿ. ಆದರೆ ಹೋಗಿದ್ದೇ ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ.

ಅಜ್ಜನ ಮೊಮ್ಮಗಳು ನಮ್ಮಲ್ಲೇ ಆರನೇ ತರಗತಿ. ಬೆಳಿಗ್ಗೆ ಸುದ್ದಿ ಗೊತ್ತಾದ ಕೂಡಲೇ ಅವಳ ಪಕ್ಕ ಕೂರುವ ಹುಡುಗಿ ನನ್ನ ಹತ್ತಿರ ಬಂದು, "ಅವಳು ಒಬ್ಬಳೇ ಅಳ್ತಾ ಇರ್ತಾಳೆ ಸರ್, ನಾವು ಹೋಗಬಹುದಾ" ಅಂದಳು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಅವರ ಹತ್ತಿರವೇ ಕಲಿತವರು. ಹಳ್ಳಕ್ಕೆ ಸಿಮೆಂಟ್ ಸೇತುವೆ ಆಗುವ ಮೊದಲು ಅಡಿಕೆ ಮರದ ಕಾಲುಸಂಕ ಇತ್ತಲ್ಲ, ಆಷಾಢದ ಮಳೆಯಲ್ಲಿ ಪಂಚೆ ಎತ್ತಿ ಕಟ್ಟಿ ಅಲ್ಲಿ ನಿಂತು ನಿಮ್ಮನ್ನು ಒಬ್ಬೊಬ್ಬರನ್ನೇ ಕೈ ಹಿಡಿದು ದಾಟಿಸುತ್ತಿದ್ದರು, ಸಂಜೆ ಮತ್ತೆ ಹಾಗೇ. ನಾನು ಇಲ್ಲಿಗೆ ಹೊಸದಾಗಿ ಬಂದ ವರ್ಷ ಇದನ್ನು ಕಣ್ಣಾರೆ ನೋಡಿದ್ದೇನೆ. ಒದ್ದೆಯಾದ ಮಕ್ಕಳು ಮೊದಲು ಒಲೆ ಮುಂದೆ ಮೈ ಕಾಯಿಸಬೇಕು, ಹಾಜರಿ ಆಮೇಲೆ ಅನ್ನುತ್ತಿದ್ದರು.

ಅವರೂ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಅವರ ಮನೆ, ಗದ್ದೆ, ಓದುತ್ತಿದ್ದ ಶಾಲೆ ಎಲ್ಲ ಒಳಗೆ ಹೋಯಿತು. ನಾಲ್ಕನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಅಪ್ಪ ಅಮ್ಮನ ಜೊತೆ ಲಾರಿ ಹತ್ತಿ ಬಂದವರು. ನಿವೃತ್ತಿಯಾದ ಮೇಲೂ ಶನಿವಾರ ಶಾಲೆಗೆ ಬಂದು ಮಕ್ಕಳಿಗೆ ಇದನ್ನೆಲ್ಲ ಹೇಳುತ್ತಿದ್ದರು. ನೀರು ತೀರಾ ಇಳಿದ ಬೇಸಿಗೆಯಲ್ಲಿ, ಅದೇ ಹಿನ್ನೀರಿನಲ್ಲಿ ಮುಳುಗಿರುವ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ ಅಲ್ವಾ, ಅದನ್ನು ನೋಡಿ ಬಂದ ಹುಡುಗ ಒಮ್ಮೆ "ನಿಮ್ಮ ಶಾಲೆನೂ ಕಾಣುತ್ತಾ ಅಜ್ಜ" ಅಂತ ಕೇಳಿದ. "ಅದು ಇನ್ನೂ ಕೆಳಗಿದೆ ಮಾರಾಯ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಇಂಥವರು ಹೋದಾಗ ಮಕ್ಕಳಿಗೆ ಏನೂ ಆಗದ ಹಾಗೆ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ಬೆಂಗಳೂರಿನಿಂದ ಮಗ ಬರುವುದು ತಡವಾಗಿ ದರ್ಶನಕ್ಕೆ ಮಧ್ಯಾಹ್ನದವರೆಗೂ ಸಮಯವಿತ್ತು. ಮಳೆ ಹೊಳವಾದಾಗ ಹೊರಟೆವು. ಅಂಗಳದಲ್ಲಿ ಹತ್ತು ನಿಮಿಷ ನಿಂತೆವು, ಅಷ್ಟೇ. ಹೆದರಿದ ಇಬ್ಬರು ಮಕ್ಕಳು ಬೇಲಿಯ ದಣಪೆಯ (ಗೇಟಿನ) ಹತ್ತಿರವೇ ಟೀಚರ್ ಜೊತೆ ಉಳಿದರು. ಆ ಹುಡುಗಿ ಹೋಗಿ ಗೆಳತಿಯ ಪಕ್ಕ ಕೂತಳು. ಇಬ್ಬರೂ ಮಾತಾಡಲಿಲ್ಲ.

ಮತ್ತೆ ಹೇಳುತ್ತೇನೆ, ಯಾರನ್ನೂ ಬಲವಂತ ಮಾಡಿಲ್ಲ. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಲೇ ಇಲ್ಲ. ಸೂತಕ, ಮೈಲಿಗೆ ನಿಮ್ಮ ನಿಮ್ಮ ಮನೆಯ ಪದ್ಧತಿ, ಅದರಲ್ಲಿ ಶಾಲೆ ಕೈ ಹಾಕುವುದಿಲ್ಲ. ಸ್ನಾನ ಮಾಡಿಸುವವರಿಗೆ ಅನುಕೂಲ ಆಗಲಿ ಅಂತಲೇ ಅಲ್ಲಿಂದ ನೇರ ಮನೆಗೆ ಬಿಟ್ಟೆವು. ಮಕ್ಕಳು ರಾತ್ರಿ ಹೆದರುತ್ತಾರೇನೋ ಅನ್ನುವ ನಿಮ್ಮ ಚಿಂತೆ ನನಗೂ ಅರ್ಥವಾಗುತ್ತದೆ. ಯಾವ ಮಗುವಾದರೂ ಹಾಗೆ ಹೆದರಿದ್ದರೆ ದಯವಿಟ್ಟು ಹೇಳಿ, ಕೂತು ಮಾತಾಡೋಣ. ಇನ್ನು ಮುಂದೆ ಇಂಥ ಸಂದರ್ಭದಲ್ಲಿ ಮೊದಲು ನಿಮ್ಮನ್ನು ಕೇಳುತ್ತೇವೆ, ಬೇಡ ಅಂದವರ ಮಕ್ಕಳು ಶಾಲೆಯಲ್ಲೇ ಇರುತ್ತಾರೆ. ಆದರೆ ಹೋಗುವುದನ್ನೇ ನಿಲ್ಲಿಸಿ ಅಂದರೆ ಅದಕ್ಕೆ ನಾನು ಒಪ್ಪುವುದಿಲ್ಲ. ತಪ್ಪಿದ ಪಾಠ ಮುಗಿಸಿಯಾಗಿದೆ.

ಈ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಅಜ್ಜನ ನೆನಪಿನ ಸಭೆ ಇದೆ, ನೀವೂ ಬನ್ನಿ.

ಅವರ ಜೊತೆಗಿನ ಹಳೆ ಫೋಟೋ ಇದ್ದರೆ ಮಕ್ಕಳ ಕೈಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿ, ಮಳೆ ಜಾಸ್ತಿ ಇದೆ. ಸೋಮವಾರ ವಾಪಸ್ ಕೊಡುತ್ತೇವೆ.

ನಿಮ್ಮ
ಮುಖ್ಯ ಶಿಕ್ಷಕ