ರಜೆಯ ಸಂತಸಕ್ಕೆ ದುಬಾರಿ ಶಿಬಿರವೇ ಬೇಕೆ?

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಚಿಂತಿಸುವ ವಿಜಯಪುರದ ಪಾಲಕರು ದುಬಾರಿ ಶಿಬಿರಗಳನ್ನೇ ನೆಚ್ಚಿಕೊಳ್ಳಬೇಕಿಲ್ಲ. ಗೋಳಗುಮ್ಮಟಕ್ಕೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಬಿಸಿಲೇರುವ ಮೊದಲೇ, ಗದ್ದಲವಿಲ್ಲದ ಹೊತ್ತಿನಲ್ಲಿ ಮೇಲೇರಿದರೆ, ಪಿಸುಗುಟ್ಟುವ ಗ್ಯಾಲರಿಯ ಗೋಡೆಗೆ ಕಿವಿಗೊಟ್ಟು ಕುಳಿತ ಮಗುವಿಗೆ ಎದುರು ಬದಿಯಿಂದ ಅಪ್ಪ ಮೆಲ್ಲಗೆ ಕರೆದ ಹೆಸರು ಸ್ಪಷ್ಟವಾಗಿ ಕೇಳಿಸುತ್ತದೆ. ಆಗ ನನ್ನ ಮಗಳ ಕಣ್ಣಲ್ಲಿ ಅರಳಿದ ಬೆರಗನ್ನು ನಾನು ಮರೆಯಲಾರೆ. ಸಂಜೆ ಮಲಿಕ್‌-ಎ-ಮೈದಾನ್ ತೋಪಿನ ಬಾಯಿಯಲ್ಲಿ ಆನೆಯನ್ನು ಜಗಿಯುತ್ತಿರುವ ಸಿಂಹಮುಖವನ್ನು ತೋರಿಸಿ, ಉಪ್ಲಿ ಬುರುಜಿನ ಹೊರಸುತ್ತಿನ ಕಲ್ಲುಮೆಟ್ಟಿಲು ಹತ್ತಿದರೆ (ಚಿಕ್ಕವರ ಕೈ ಬಿಡಬಾರದು) ಇಡೀ ಊರೇ ಕಣ್ಣಿಗೆ ಬೀಳುತ್ತದೆ.

ಇಂತಹ ತಾಣಗಳಲ್ಲಿ ಬೇಸಿಗೆ ಮುಗಿಯುವವರೆಗಾದರೂ ಕುಡಿಯುವ ನೀರಿನ ಅರವಟ್ಟಿಗೆ ಹಾಗೂ ಕೂರಲು ನೆರಳಿನ ವ್ಯವಸ್ಥೆ ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓರ್ವ ಪಾಲಕಿ, ವಿಜಯಪುರ